ವಾಲ್ವ್ ಆಂಪ್ಲಿಫೈಯರ್ ಆರಿಸುವ ಮುಂಚೆ: ದಾವಣಗೆರೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಪಿ.ಜೆ. ಬಡಾವಣೆಯ ನಮ್ಮ ಮನೆಯ ಹಾಲ್‌ನಲ್ಲಿ ಸುಮಾರು ಹದಿನೈದು ವರ್ಷದಿಂದ ವಾಲ್ವ್ ಆಂಪ್ಲಿಫೈಯರ್ ಇದೆ. ಹಾಡಿನ ಸಣ್ಣ ಸಿಗ್ನಲನ್ನು ಸ್ಪೀಕರ್ ನಡೆಸುವಷ್ಟು ದೊಡ್ಡದು ಮಾಡುವ ಪೆಟ್ಟಿಗೆ ಅದು, ಚಿಕ್ಕದಾಗಿ ಆಂಪ್. ಮನೆಗೆ ಬಂದವರು ಮೊದಲು ಅದರ ಬೆಳಕು ನೋಡುತ್ತಾರೆ, ಆಮೇಲೆ ಹಾಡು ಕೇಳುತ್ತಾರೆ, ಹೊರಡುವಾಗ ಬಾಗಿಲಲ್ಲಿ ನಿಂತು ಪ್ರಶ್ನೆ ಶುರು ಮಾಡುತ್ತಾರೆ. ಆ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವನ್ನೂ ನನ್ನ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ.

ವಾಲ್ವ್, ಟ್ಯೂಬ್ ಎರಡೂ ಒಂದೇನಾ? ಅದು ಕೆಲಸ ಮಾಡುವುದು ಹೇಗೆ?

ಒಂದೇ. ಬ್ರಿಟಿಷರು ವಾಲ್ವ್ ಅಂದರು, ಅಮೆರಿಕದವರು ಟ್ಯೂಬ್ ಅಂದರು. ನಮ್ಮ ಹಿರಿಯರು ವಾಲ್ವ್ ರೇಡಿಯೋ ಅಂತಲೇ ಕರೆದದ್ದು.

ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಒಂದು ಕ್ಯಾಥೋಡ್ ಕಾದು ಕೆಂಪಾಗಿರುತ್ತದೆ. ಅದರಿಂದ ಎಲೆಕ್ಟ್ರಾನ್‌ಗಳು ಹೊರಟು ಹೊರಗಿನ ಪ್ಲೇಟ್ ಕಡೆ ಓಡುತ್ತವೆ. ನಡುವೆ ಗ್ರಿಡ್ ಎಂಬ ತಂತಿಯ ಜಾಲರಿ. ಭದ್ರಾ ನಾಲೆಯ ತೂಬು ನೋಡಿದ್ದೀರಲ್ವಾ? ತೂಬನ್ನು ಸ್ವಲ್ಪ ಎತ್ತಿಳಿಸಿದರೆ ಗದ್ದೆಗೆ ಹೋಗುವ ಇಡೀ ನೀರು ಹೆಚ್ಚುಕಡಿಮೆ ಆಗುತ್ತದೆ. ಗ್ರಿಡ್ ಮಾಡುವುದೂ ಅದೇ. ಹಾಡಿನ ಸಣ್ಣ ಸಿಗ್ನಲ್ ಗ್ರಿಡ್‌ಗೆ ಬಂದರೆ ಪ್ಲೇಟಿನ ದೊಡ್ಡ ಕರೆಂಟ್ ಅದರ ತಾಳಕ್ಕೆ ಕುಣಿಯುತ್ತದೆ. 1904ರಲ್ಲಿ ಫ್ಲೆಮಿಂಗ್ ಎರಡು ಭಾಗದ ವಾಲ್ವ್ ಮಾಡಿದ. 1906ರಲ್ಲಿ ಲೀ ಡಿ ಫಾರೆಸ್ಟ್ ಅದಕ್ಕೆ ಮೂರನೆಯ ಭಾಗವಾಗಿ ಗ್ರಿಡ್ ಸೇರಿಸಿದ. ನಮ್ಮ ಆಂಪ್‌ಗಳ ಮೂಲ ಅದು.

ಟ್ರಾನ್ಸಿಸ್ಟರ್ ಆಂಪ್‌ಗಿಂತ ನಿಜವಾಗಿಯೂ ಚೆನ್ನಾಗಿ ಕೇಳಿಸುತ್ತದಾ?

ಅಳತೆಯಲ್ಲಿ ಹೇಳುವುದಾದರೆ, ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್ ಸಿಗ್ನಲನ್ನು ಕಡಿಮೆ ಕೆಡಿಸುತ್ತದೆ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ವ್ಯತ್ಯಾಸ ಇರುವುದು ಕೆಡಿಸುವ ರೀತಿಯಲ್ಲಿ.

ತಂಬೂರಿಯ ಷಡ್ಜದ ತಂತಿ ಮೀಟಿ ಕಿವಿಗೊಟ್ಟು ಕೇಳಿ. ಆ ಒಂದೇ ತಂತಿಯೊಳಗೆ ಮೇಲಿನ ಷಡ್ಜ ಇದೆ, ಅದರ ಮೇಲೆ ಪಂಚಮ ಇದೆ, ಇನ್ನೂ ಮೇಲೆ ಗಾಂಧಾರ ಕೂಡ ಕೇಳಿಸುತ್ತದೆ. ಇವನ್ನು ಹಾರ್ಮೋನಿಕ್ ಅನ್ನುತ್ತಾರೆ. ಎರಡನೆಯ ಹಾರ್ಮೋನಿಕ್ ಅಂದರೆ ಮೇಲಿನ ಷಡ್ಜ, ಮೂರನೆಯದು ಪಂಚಮ, ಐದನೆಯದು ಗಾಂಧಾರ. ಏಳನೆಯದಕ್ಕೆ ಬಂದರೆ ಅದು ನಮ್ಮ ಯಾವ ಸ್ವರದ ಮೇಲೂ ಸರಿಯಾಗಿ ಕೂರುವುದಿಲ್ಲ. ವಾಲ್ವ್ ಆಂಪ್ ತಾನಾಗಿ ಸೇರಿಸುವುದು ಹೆಚ್ಚಾಗಿ ಈ ಮೊದಲ ಕೆಲವು ಹಾರ್ಮೋನಿಕ್‌ಗಳನ್ನು. ಮೂಲ ಸ್ವರದ ಜೊತೆ ಹೊಂದುವುದರಿಂದ ಕಿವಿಗೆ ಚುಚ್ಚುವುದಿಲ್ಲ, ದನಿ ಸ್ವಲ್ಪ ತುಂಬಿಕೊಂಡ ಹಾಗೆ ಇರುತ್ತದೆ. ಶಕ್ತಿ ಮೀರಿದಾಗಲೂ ವಾಲ್ವ್ ನಿಧಾನಕ್ಕೆ ಬಾಗುತ್ತದೆ. ಟ್ರಾನ್ಸಿಸ್ಟರ್ ಒಮ್ಮೆಲೇ ಕತ್ತರಿಸುತ್ತದೆ, ಆಗ ಮೇಲಿನ ಒರಟು ಹಾರ್ಮೋನಿಕ್‌ಗಳು ಒಟ್ಟಿಗೆ ನುಗ್ಗುತ್ತವೆ.

ನಾನು ಕೇಳುವುದು ಹೆಚ್ಚಾಗಿ ಮನ್ಸೂರರು, ಗಂಗೂಬಾಯಿ ಹಾನಗಲ್ಲರು, ಕಾಳಿಂಗರಾಯರು. ಎಲ್ಲವೂ ಗಂಟಲನ್ನೇ ನಂಬಿದ ಸಂಗೀತ. ಇದಕ್ಕೆ ವಾಲ್ವ್ ಹೇಳಿ ಮಾಡಿಸಿದ ಹಾಗಿದೆ ಅನ್ನುವುದು ನನ್ನ ಅನುಭವ. ನೀವು ಕೇಳುವುದು ಭಾರಿ ಬೇಸ್ ಇರುವ ಹೊಸ ಸಿನಿಮಾ ಹಾಡುಗಳೇ ಆಗಿದ್ದರೆ, ಅದೇ ದುಡ್ಡಿಗೆ ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್ ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ.

ಎಷ್ಟು ವಾಟ್ ಬೇಕು?

ಎಲ್ಲರೂ ಮೊದಲು ಕೇಳುವುದು ಇದನ್ನೇ. ನಾನು ಮೊದಲು ಕೇಳುವುದು ನಿಮ್ಮ ಸ್ಪೀಕರ್ ಯಾವುದು ಅಂತ. ಆಂಪ್ ಆರಿಸುವುದು ಸ್ಪೀಕರ್ ಗೊತ್ತಾದ ಮೇಲೆ. ಮದುವೆಗೆ ಎಷ್ಟು ಅಕ್ಕಿ ಬೇಕು ಅಂತ ಜನ ಎಷ್ಟು ಅಂತ ತಿಳಿಯದೆ ಹೇಳೋಕಾಗಲ್ಲ ಅಲ್ವಾ, ಹಾಗೇ ಇದು.

ಸ್ಪೀಕರಿನ ಹಿಂದೆ ಅಥವಾ ಕೈಪಿಡಿಯಲ್ಲಿ ಸೆನ್ಸಿಟಿವಿಟಿ ಅಂತ ಬರೆದಿರುತ್ತದೆ, ಡೆಸಿಬಲ್ ಲೆಕ್ಕದಲ್ಲಿ. 88 ಡೆಸಿಬಲ್ ಅಂದರೆ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಬರುತ್ತದೆ. ವಾಟ್ ಎರಡು ಪಟ್ಟು ಮಾಡಿದರೆ ಸಿಗುವುದು ಬರೀ 3 ಡೆಸಿಬಲ್. ಕಿವಿಗೆ ಸದ್ದು ಎರಡರಷ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ವಾಟ್. ಹಾಗಾಗಿ 10 ವಾಟಿನ ಆಂಪ್‌ಗೂ 20 ವಾಟಿನ ಆಂಪ್‌ಗೂ ಸದ್ದಿನಲ್ಲಿರುವ ಅಂತರ ಸ್ವಲ್ಪವೇ. 84 ಡೆಸಿಬಲ್ ಸ್ಪೀಕರಿಗೂ 94 ಡೆಸಿಬಲ್ ಸ್ಪೀಕರಿಗೂ ಇರುವ ಅಂತರ ಬಹಳ ದೊಡ್ಡದು. ಮೊದಲನೆಯದಕ್ಕೆ 50 ವಾಟ್ ಬೇಕಾದ ಕಡೆ ಎರಡನೆಯದಕ್ಕೆ 5 ವಾಟ್ ಸಾಕು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಈಗ ಇರುವ ಆಂಪ್‌ನಲ್ಲಿ ನಿಮಗೆ ಇಷ್ಟವಾದ ಹಾಡು ಹಾಕಿ. ರಾತ್ರಿ ಊಟ ಆದಮೇಲೆ ಎಷ್ಟು ಜೋರಾಗಿ ಕೇಳುತ್ತೀರೋ ಅಷ್ಟೇ ಇಡಿ. ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಸ್ಪೀಕರಿನ ಎರಡು ಟರ್ಮಿನಲ್‌ಗೆ ಹಿಡಿಯಿರಿ. ಬಂದ ವೋಲ್ಟನ್ನು ಅದರಿಂದಲೇ ಗುಣಿಸಿ, ಸ್ಪೀಕರಿನ ಓಮ್‌ನಿಂದ ಭಾಗಿಸಿ. ನಮ್ಮ ಮನೆಯಲ್ಲಿ ಮೀಟರು 0.8 ವೋಲ್ಟಿನ ಆಸುಪಾಸು ಆಡುತ್ತಿತ್ತು. 8 ಓಮ್ ಸ್ಪೀಕರಿಗೆ ಅದು 0.08 ವಾಟ್! ಮೀಟರ್ ತೋರಿಸುವುದು ಅಂದಾಜು ಸರಾಸರಿ ಮಾತ್ರ. ತಬಲಾದ ಪೆಟ್ಟಿಗೆ, ಜೋರು ತಾನಿಗೆ ಅದರ ಇಪ್ಪತ್ತು ಪಟ್ಟು ಬೇಕು ಅಂದುಕೊಂಡರೂ 1.6 ವಾಟ್. ಆ ದಿನ ನನ್ನ ಮೀಟರ್ ಕೆಟ್ಟಿದೆ ಅಂದುಕೊಂಡು ಪಕ್ಕದ ಮನೆಯವರ ಮೀಟರ್ ತಂದು ಮತ್ತೆ ನೋಡಿದ್ದೆ. ಅದೂ ಅಷ್ಟೇ ತೋರಿಸಿತು.

12 ಅಡಿಗೆ 14 ಅಡಿಯ ಹಾಲ್, 88ರಿಂದ 90 ಡೆಸಿಬಲ್ ಸ್ಪೀಕರ್ ಇದ್ದರೆ 10ರಿಂದ 15 ವಾಟ್ ಧಾರಾಳ. ಸ್ಪೀಕರ್ 85ಕ್ಕಿಂತ ಕೆಳಗಿದ್ದರೆ 35 ವಾಟ್ ಕಡೆ ಹೋಗಿ. 93ರ ಮೇಲಿದ್ದರೆ 5-8 ವಾಟ್ ಕೂಡ ಸುಖವಾಗಿ ನಡೆಯುತ್ತದೆ.

4 ಓಮ್, 8 ಓಮ್ ಅಂತ ಹಿಂದೆ ಬೇರೆ ಬೇರೆ ಟರ್ಮಿನಲ್ ಇವೆಯಲ್ಲ, ಯಾವುದಕ್ಕೆ ಹಾಕಬೇಕು?

ಸ್ಪೀಕರಿನ ಮೇಲೆ ಬರೆದಿರುವುದಕ್ಕೆ. ಆದರೆ ಆ ಅಂಕಿ ಅಂದಾಜು ಅಷ್ಟೇ. 8 ಓಮ್ ಸ್ಪೀಕರ್ ಕೆಲವು ಸ್ವರಗಳಲ್ಲಿ 4 ಓಮ್‌ಗೂ ಇಳಿಯುತ್ತದೆ. ಎರಡೂ ಕಡೆ ಹಾಕಿ ಕೇಳಿ, ಬೇಸ್ ಎಲ್ಲಿ ಬಿಗಿಯಾಗಿದೆಯೋ ಅಲ್ಲೇ ಬಿಡಿ. ಓಮ್ ತುಂಬಾ ಏರಿಳಿಯುವ ಸ್ಪೀಕರ್ ವಾಲ್ವ್ ಆಂಪ್‌ಗೆ ಕಷ್ಟ, ಅದರಲ್ಲೂ ಒಂದೇ ವಾಲ್ವ್ ಸ್ಪೀಕರ್ ನಡೆಸುವ ಸಣ್ಣ ಸಿಂಗಲ್ ಎಂಡೆಡ್ ಆಂಪ್‌ಗೆ.

ಒಂದು ಮಾತು ಮರೆಯಬೇಡಿ. ಸ್ಪೀಕರ್ ಹಾಕದೆ ವಾಲ್ವ್ ಆಂಪ್ ಆನ್ ಮಾಡಬಾರದು. ಹೊರೆ ಇಲ್ಲದಾಗ ಸಿಗ್ನಲ್ ಬಂದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಒಳಗೆ ವೋಲ್ಟೇಜ್ ಏರಿ ಸುರುಳಿಯ ಇನ್ಸುಲೇಶನ್ ಸುಟ್ಟುಹೋಗಬಹುದು.

ಇಎಲ್84, ಇಎಲ್34, ಕೆಟಿ88, 300ಬಿ. ಈ ವಾಲ್ವ್‌ಗಳಲ್ಲಿ ಯಾವುದು?

ಮೊದಲ ವಾಲ್ವ್ ಆಂಪ್ ಆದರೆ ಇಎಲ್84 ಪುಶ್‌ಪುಲ್, ಅಂದರೆ ಎರಡು ವಾಲ್ವ್ ಜೋಡಿಯಾಗಿ ದುಡಿಯುವಂಥದ್ದು. ನನ್ನ ಉತ್ತರ ಹತ್ತು ವರ್ಷದಿಂದ ಬದಲಾಗಿಲ್ಲ. ಸಣ್ಣ ವಾಲ್ವ್, ಕಿರುಬೆರಳಿನಷ್ಟು ಉದ್ದ, ಬೆಲೆ ಕಡಿಮೆ, ಎಲ್ಲ ಕಡೆ ಸಿಗುತ್ತದೆ. ಜೋಡಿಯಾಗಿ ಹಾಕಿದರೆ ಒಂದು ಚಾನೆಲ್‌ಗೆ 10ರಿಂದ 15 ವಾಟ್ ಕೊಡುತ್ತದೆ. ಗಂಟಲಿನ ದನಿ ಇದರಲ್ಲಿ ಬಹಳ ಹತ್ತಿರ ಬರುತ್ತದೆ. ಸಿತಾರಿನ ಮೀಟು, ಜಲತರಂಗದ ಅಂಚು ಸ್ಪಷ್ಟವಾಗಿ ಕೇಳಿಸುತ್ತದೆ.

ಇಎಲ್34 ದೊಡ್ಡ ಅಣ್ಣ ಇದ್ದ ಹಾಗೆ. ಜೋಡಿಗೆ 35 ವಾಟಿನ ಆಸುಪಾಸು. ನಡುವಿನ ಸ್ವರಗಳು ತುಂಬಿಕೊಂಡಿರುತ್ತವೆ. ಸ್ಪೀಕರ್ ಸ್ವಲ್ಪ ಸೋಮಾರಿ ಆಗಿದ್ದರೆ ಇದೇ ಸರಿ. ಕೆಟಿ88 ಬಂದದ್ದು 1956ರಲ್ಲಿ, ಇಂಗ್ಲೆಂಡಿನಿಂದ. ಇನ್ನೂ ಜಾಸ್ತಿ ಶಕ್ತಿ, ಬಿಗಿಯಾದ ಬೇಸ್, ಜೊತೆಗೆ ಇನ್ನೂ ಜಾಸ್ತಿ ಬಿಸಿ, ಇನ್ನೂ ದೊಡ್ಡ ಟ್ರಾನ್ಸ್‌ಫಾರ್ಮರ್.

300ಬಿ ಬಗ್ಗೆ ಕೇಳುವವರ ಕಣ್ಣಲ್ಲೇ ಆಸೆ ಕಾಣುತ್ತದೆ. ವೆಸ್ಟರ್ನ್ ಎಲೆಕ್ಟ್ರಿಕ್‌ನವರು 1938ರಲ್ಲಿ ತಂದ ಟ್ರಯೋಡ್, ಅಂದರೆ ಮೂರು ಭಾಗದ ವಾಲ್ವ್ ಇದು. ಒಂದೇ ವಾಲ್ವಿನಿಂದ ಸುಮಾರು 8 ವಾಟ್. ಸರಿಯಾದ ಸ್ಪೀಕರ್ ಸಿಕ್ಕರೆ ಅದರ ದನಿ ಬೇರೆಯೇ. ಸರಿಯಾದ ಸ್ಪೀಕರ್ ಅಂದರೆ 93 ಡೆಸಿಬಲ್ ದಾಟಿದ್ದು, ಅದು ದೊಡ್ಡದಾಗಿಯೂ ಇರುತ್ತದೆ, ದುಬಾರಿಯೂ ಹೌದು. ಮೊದಲ ಆಂಪ್ ಆಗಿ ಬೇಡ.

ಚಿಕ್ಕ ವಾಲ್ವ್‌ಗಳ ಹೆಸರು ಕಂಡು ಗಾಬರಿ ಆಗಬೇಡಿ. ಇಸಿಸಿ83 ಅನ್ನುವುದು ಯುರೋಪಿನ ಹೆಸರು, 12ಎಎಕ್ಸ್7 ಅನ್ನುವುದು ಅಮೆರಿಕದ ಹೆಸರು. ವಾಲ್ವ್ ಒಂದೇ. ಹಾಗೇ ಇಸಿಸಿ82 ಅಂದರೆ 12ಎಯು7. ಯುರೋಪಿನ ಹೆಸರು ಇ ಅಕ್ಷರದಿಂದ ಶುರುವಾದರೆ ಹೀಟರ್, ಅಂದರೆ ಕ್ಯಾಥೋಡ್ ಕಾಯಿಸುವ ತಂತಿ, 6.3 ವೋಲ್ಟಿನದು ಅಂತ ಅರ್ಥ. ಈ 6.3 ಅನ್ನುವ ಅಂಕಿ ನೆನಪಿಡಿ, ಮುಂದೆ ಬೇಕಾಗುತ್ತದೆ.

ಸಿಂಗಲ್ ಎಂಡೆಡ್ ಒಳ್ಳೆಯದಾ, ಪುಶ್‌ಪುಲ್ ಒಳ್ಳೆಯದಾ?

ಸಿಂಗಲ್ ಎಂಡೆಡ್‌ನಲ್ಲಿ ಒಂದೇ ವಾಲ್ವ್ ಇಡೀ ಅಲೆಯನ್ನು ಹೊರುತ್ತದೆ. ಪುಶ್‌ಪುಲ್‌ನಲ್ಲಿ ಇಬ್ಬರು ಗರಗಸ ಎಳೆದ ಹಾಗೆ, ಒಂದು ಎಳೆಯುವಾಗ ಇನ್ನೊಂದು ಬಿಡುತ್ತದೆ. ಶಕ್ತಿ ಜಾಸ್ತಿ, ಎರಡನೆಯ ಹಾರ್ಮೋನಿಕ್ ಬಹುಪಾಲು ರದ್ದಾಗುತ್ತದೆ, ಗುಂಯ್ ಸದ್ದೂ ಕಡಿಮೆ. ನಮ್ಮ ಮನೆಗಳಿಗೆ, ಸಾಮಾನ್ಯವಾಗಿ ಸಿಗುವ ಸ್ಪೀಕರ್‌ಗಳಿಗೆ ಪುಶ್‌ಪುಲ್ಲೇ ಸರಿ.

ಆಂಪ್ ಅಷ್ಟೊಂದು ಭಾರ ಯಾಕೆ?

ಟ್ರಾನ್ಸ್‌ಫಾರ್ಮರ್‌ನಿಂದ. ಒಳ್ಳೆಯ ಆಂಪ್ ಗುರುತಿಸಲು ನನಗೆ ಗೊತ್ತಿರುವ ಸುಲಭ ದಾರಿಯೂ ಅದೇ, ಎತ್ತಿ ನೋಡುವುದು. ವಾಲ್ವಿಗೆ ಬೇಕಾಗುವ ಹೊರೆ ಸಾವಿರಾರು ಓಮ್, ಸ್ಪೀಕರ್ ಇರುವುದು 8 ಓಮ್. ಇವೆರಡನ್ನೂ ಹೊಂದಿಸುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. 5000 ಓಮನ್ನು 8ಕ್ಕೆ ಇಳಿಸಬೇಕಾದರೆ ಒಂದು ಕಡೆ 25 ಸುತ್ತಿಗೆ ಇನ್ನೊಂದು ಕಡೆ ಒಂದು ಸುತ್ತು. ಕೆಳಗಿನ ಮೃದಂಗದ ದನಿಗೆ ಕಬ್ಬಿಣ ಜಾಸ್ತಿ ಬೇಕು, ಮೇಲಿನ ತಾಳದ ದನಿಗೆ ಸುರುಳಿಗಳನ್ನು ಪದರ ಪದರವಾಗಿ ಹೆಣೆಯಬೇಕು. ಆಂಪ್‌ನಲ್ಲಿ ಅರ್ಧ ಖರ್ಚು ಇಲ್ಲೇ ಆಗುತ್ತದೆ. 1947ರಲ್ಲಿ ಬ್ರಿಟಿಷ್ ಎಂಜಿನಿಯರ್ ವಿಲಿಯಮ್ಸನ್ ಪ್ರಕಟಿಸಿದ ಹೆಸರಾಂತ ಆಂಪ್‌ನ ಗುಟ್ಟು ಕೂಡ ಬಹುಪಾಲು ಅದರ ಟ್ರಾನ್ಸ್‌ಫಾರ್ಮರೇ. ವಾಲ್ವ್ ಆಮೇಲೆ ಬದಲಿಸಬಹುದು. ಟ್ರಾನ್ಸ್‌ಫಾರ್ಮರ್ ಕಳಪೆ ಇದ್ದರೆ ಮಾಡುವುದಕ್ಕೆ ಏನೂ ಇಲ್ಲ.

ನಮ್ಮೂರ ಕರೆಂಟಿಗೆ ತಡೆಯುತ್ತದಾ?

ಈ ಪ್ರಶ್ನೆ ಕೇಳದೆ ಇದ್ದದ್ದಕ್ಕೆ ನಾನು ನಾಲ್ಕು ವಾಲ್ವ್ ಕಳೆದುಕೊಂಡಿದ್ದೇನೆ.

ನನ್ನ ಮೊದಲ ಇಎಲ್34 ಆಂಪ್ ಹೊರದೇಶದ್ದು, ಹಳೆಯದು. ಬೇರೆ ಊರಿನ ಒಬ್ಬ ವ್ಯಾಪಾರಿಯಿಂದ ತಂದೆ. ಒಂದು ವರ್ಷ ತುಂಬುವಷ್ಟರಲ್ಲಿ ದನಿ ಸೊರಗಿತು, ಬೇಸ್ ಮಾಯವಾಯಿತು. ವ್ಯಾಪಾರಿಗೆ ಫೋನ್ ಮಾಡಿದರೆ ವಾಲ್ವ್ ಹಾಗೇ ಸಾಯುತ್ತವೆ, ಹೊಸದು ಹಾಕಿ ಅಂದರು. ಹೊಸದು ತಂದೆ. ಹಾಕುವ ಮುಂಚೆ ಏನೋ ಅನುಮಾನ ಬಂದು ಆಂಪ್ ಮಗುಚಿ ತಳದ ಚೀಟಿ ಓದಿದೆ. 220 ವೋಲ್ಟ್ ಅಂತ ಇತ್ತು. ರಾತ್ರಿ ಹನ್ನೊಂದಕ್ಕೆ, ಬೀದಿಯೆಲ್ಲ ಮಲಗಿದ ಮೇಲೆ, ಪ್ಲಗ್‌ನಲ್ಲಿ ಮೀಟರ್ ಇಟ್ಟೆ. 248 ವೋಲ್ಟ್. ಲೆಕ್ಕ ಹಾಕಿ ನೋಡಿ: 6.3 ಇರಬೇಕಾದ ಹೀಟರ್ 7.1ಕ್ಕೆ ಉರಿಯುತ್ತಿತ್ತು. ಹೀಟರ್ ಇಷ್ಟು ಮೇಲೆ ದಿನವೂ ಉರಿದರೆ ಕ್ಯಾಥೋಡ್ ಮೇಲಿನ ಲೇಪ ಬೇಗ ಮುಗಿಯುತ್ತದೆ. ಶೇಕಡಾ 5ರೊಳಗೆ ಇದ್ದರೆ ಚಿಂತೆ ಇಲ್ಲ, 10 ದಾಟಬಾರದು.

ಪರಿಹಾರ ಕಷ್ಟದ್ದಲ್ಲ. 230 ವೋಲ್ಟಿನ ಪ್ರೈಮರಿ (ಕರೆಂಟ್ ಒಳಗೆ ಬರುವ ಸುರುಳಿ), 18 ವೋಲ್ಟ್ 3 ಆಂಪಿಯರ್ ಸೆಕೆಂಡರಿ (ಹೊರಗೆ ಹೋಗುವ ಸುರುಳಿ) ಇರುವ ಒಂದು ಟ್ರಾನ್ಸ್‌ಫಾರ್ಮರ್ ಸುತ್ತಿಸಿದೆ. ಸೆಕೆಂಡರಿಯನ್ನು ಮೈನ್ಸ್‌ಗೆ ತಿರುಗುಮುರುಗಾಗಿ ಸೇರಿಸಿದರೆ ಅಷ್ಟು ವೋಲ್ಟ್ ಕಳೆದುಹೋಗುತ್ತದೆ. 248 ಇದ್ದದ್ದು 229ರ ಹತ್ತಿರ ಬಂತು, ಹೀಟರ್ 6.55. ಆಮೇಲೆ ಹಾಕಿದ ವಾಲ್ವ್‌ಗಳು ಇನ್ನೂ ಹಾಡುತ್ತಿವೆ. ಇದನ್ನು ತಿಳಿದ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ಡಬ್ಬಿಯಲ್ಲಿ ಮುಚ್ಚಿ ಫ್ಯೂಸ್ ಹಾಕಿಸಿ.

ಪಂಪ್‌ಸೆಟ್ ಲೈನ್ ಹತ್ತಿರದ ಹಳ್ಳಿಗಳಲ್ಲಿ ವೋಲ್ಟೇಜ್ ಏರುವುದೂ ಇಳಿಯುವುದೂ ಎರಡೂ ಇದ್ದರೆ ಸರ್ವೋ ಸ್ಟೆಬಿಲೈಜರ್ ಬೇಕು. ರಿಲೇ ಇರುವ ಫ್ರಿಜ್ ಸ್ಟೆಬಿಲೈಜರ್ ಬೇಡ, ಅದು ಟಕ್ ಅಂದಾಗೆಲ್ಲ ಸ್ಪೀಕರಿನಲ್ಲೂ ಕೇಳಿಸುತ್ತದೆ. ಇನ್ವರ್ಟರ್ ಮೇಲೆ ನಡೆಸುವುದಾದರೆ ಸೈನ್ ವೇವ್ ಇರಲಿ. ಕರೆಂಟ್ ಹೋದರೆ ಆಂಪ್‌ನ ಸ್ವಿಚ್ ಆಫ್ ಮಾಡಿ, ಬಂದ ಮೇಲೆ ಎರಡು ನಿಮಿಷ ಬಿಟ್ಟು ಹಾಕಿ. ಅಂಗಡಿಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ: ಪ್ರೈಮರಿಯಲ್ಲಿ 230 ಮತ್ತು 240ಕ್ಕೆ ಟ್ಯಾಪ್ (ಆ ವೋಲ್ಟಿಗೆ ತಕ್ಕ ಹಾಗೆ ವೈರ್ ಸೇರಿಸುವ ಜಾಗ) ಇದೆಯಾ?

ಬೇಸಿಗೆಯಲ್ಲಿ ಕಷ್ಟ ಆಗುವುದಿಲ್ಲವಾ? ಕರೆಂಟ್ ಬಿಲ್?

ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ನಾನೂ ಆನ್ ಮಾಡುವುದಿಲ್ಲ. ಆಂಪ್‌ಗೆ ತೊಂದರೆ ಇಲ್ಲ, ಕೂರುವವರಿಗೆ ಸೆಕೆ. ನಾಲ್ಕು ಇಎಲ್34 ಇರುವ ಆಂಪ್ ಸುಮಾರು 180 ವಾಟ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. ದಿನಕ್ಕೆ ನಾಲ್ಕು ಗಂಟೆ, ತಿಂಗಳಿಗೆ 21-22 ಯುನಿಟ್. ಇಎಲ್84 ಆದರೆ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆಂಪ್ ಮೇಲೆ ಒಂದಡಿ ಖಾಲಿ ಜಾಗ ಬಿಡಿ, ಗಾಜಿನ ಶೋಕೇಸ್ ಒಳಗೆ ಇಡಬೇಡಿ. ಮಂಡಕ್ಕಿ ಭಟ್ಟಿಗಳ ಕಡೆ ಮನೆ ಇದ್ದರೆ ಮಸಿ ಕೂರುತ್ತದೆ. ತಣ್ಣಗಾದ ಮೇಲೆ ಒಣ ಕುಂಚದಿಂದ ಒರೆಸಿ. ವಾಲ್ವ್ ಮೇಲಿನ ಅಕ್ಷರ ಬೆರಳು ತಾಗಿದರೆ ಅಳಿಸಿ ಹೋಗುತ್ತದೆ, ಅದನ್ನು ಮುಟ್ಟಬೇಡಿ.

ಬಯಾಸ್ ಅಂದರೆ ಏನು? ನನಗೆ ಮಾಡೋಕೆ ಬರುತ್ತಾ?

ಹಾಡು ಇಲ್ಲದಾಗಲೂ ವಾಲ್ವ್‌ನಲ್ಲಿ ಹರಿಯುವ ಕರೆಂಟನ್ನು ಹೊಂದಿಸುವುದು ಬಯಾಸ್. ಗಾಡಿಯ ಐಡ್ಲಿಂಗ್ ಇದ್ದ ಹಾಗೆ. ಆಟೋ ಬಯಾಸ್ ಇದ್ದರೆ ಅದನ್ನು ಒಂದು ರೆಸಿಸ್ಟರ್ ನೋಡಿಕೊಳ್ಳುತ್ತದೆ, ವಾಲ್ವ್ ಬದಲಿಸಿ ಹಾಕಿದರೆ ಆಯಿತು. ಫಿಕ್ಸೆಡ್ ಬಯಾಸ್‌ನಲ್ಲಿ ಶಕ್ತಿ ಸ್ವಲ್ಪ ಜಾಸ್ತಿ, ಆದರೆ ವಾಲ್ವ್ ಬದಲಿಸಿದ ಪ್ರತಿ ಸಲ ಮೀಟರ್ ಇಟ್ಟು ಹೊಂದಿಸಬೇಕು. ರಿಪೇರಿಗೆ ಬೆಂಗಳೂರಿಗೇ ಹೋಗಬೇಕಾದ ನಮಗೆ ಆಟೋ ಬಯಾಸ್ ಸುಖ.

ವಾಲ್ವ್ ಎಷ್ಟು ವರ್ಷ ಬಾಳುತ್ತದೆ, ಈಗ ಯಾರು ಮಾಡುತ್ತಾರೆ?

ಸ್ಪೀಕರ್ ನಡೆಸುವ ದೊಡ್ಡ ಔಟ್‌ಪುಟ್ ವಾಲ್ವ್ ಸಾಮಾನ್ಯವಾಗಿ 2000ದಿಂದ 3000 ಗಂಟೆ. ದಿನಕ್ಕೆ ಮೂರು ಗಂಟೆ ಕೇಳಿದರೆ ಎರಡು-ಮೂರು ವರ್ಷ. ಚಿಕ್ಕ ವಾಲ್ವ್‌ಗಳು ಹತ್ತು ಸಾವಿರ ಗಂಟೆಯವರೆಗೂ ಹೋಗಬಹುದು. ಈಗ ಹೊಸ ವಾಲ್ವ್ ಬರುವುದು ಮುಖ್ಯವಾಗಿ ರಷ್ಯಾ, ಚೀನಾ, ಸ್ಲೊವಾಕಿಯಾದಿಂದ.

ಆದರೆ ನಮ್ಮ ರಾಜ್ಯದಲ್ಲೇ ವಾಲ್ವ್ ತಯಾರಾಗುತ್ತಿತ್ತು ಅಂತ ಎಷ್ಟು ಜನರಿಗೆ ಗೊತ್ತು? 1954ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1961ರಿಂದ ರೇಡಿಯೋ ವಾಲ್ವ್ ಮಾಡಿತು. ಹಳೆಯ ರೇಡಿಯೋ ರಿಪೇರಿ ಅಂಗಡಿಗಳ ಅಟ್ಟದ ಮೇಲೆ ಬಿಇಎಲ್ ಪೆಟ್ಟಿಗೆಗಳು ಈಗಲೂ ಅಪರೂಪಕ್ಕೆ ಸಿಗುತ್ತವೆ. ನನ್ನ ಆಂಪ್‌ನಲ್ಲಿರುವ ಎರಡು ಇಸಿಸಿ83 ಅಂಥವೇ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದಾಗಲೂ ವಿಚಾರಿಸಿ. ಹಳೆಯ ವಾಲ್ವ್ ಕೊಳ್ಳುವಾಗ ಒಳಗಿನ ಕನ್ನಡಿಯಂಥ ಲೇಪ ನೋಡಿ. ಅದು ಬೆಳ್ಳಿಯ ಅಥವಾ ಕಂದು ಬಣ್ಣದಲ್ಲಿ ಹೊಳೆಯುತ್ತಿರಬೇಕು. ಹಾಲಿನ ಹಾಗೆ ಬಿಳಿಚಿದ್ದರೆ ಒಳಗೆ ಗಾಳಿ ಹೋಗಿದೆ, ಬೇಡ.

ಅಂತರ್ಜಾಲದಲ್ಲಿ ತುಂಬಾ ಅಗ್ಗದ ಟ್ಯೂಬ್ ಆಂಪ್ ಬರುತ್ತವಲ್ಲ?

ಅವುಗಳಲ್ಲಿ ಹೆಚ್ಚಿನವು ಹೈಬ್ರಿಡ್. ಮುಂದೆ ಎರಡು ಚಿಕ್ಕ ವಾಲ್ವ್, ಸ್ಪೀಕರ್ ನಡೆಸುವುದು ಚಿಪ್. ಕೆಲವದರಲ್ಲಿ ವಾಲ್ವ್ ಕೆಳಗೆ ಕಿತ್ತಳೆ ಬಣ್ಣದ ಎಲ್‌ಇಡಿ ಇಟ್ಟಿರುತ್ತಾರೆ, ಬೆಳಕು ಕಾಣಲಿ ಅಂತ. ಕೇಳಲು ಕೆಟ್ಟದೇನಲ್ಲ. ಆದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲ ಅಂದರೆ ನಾವು ಮಾತಾಡುತ್ತಿರುವ ಆಂಪ್ ಅದಲ್ಲ.

ಅಜ್ಜನ ವಾಲ್ವ್ ರೇಡಿಯೋ ಇದೆ. ಅದಕ್ಕೇ ಫೋನ್ ಸೇರಿಸಬಹುದಾ?

ದಯವಿಟ್ಟು ನೋಡದೆ ಸೇರಿಸಬೇಡಿ. ಭದ್ರಾವತಿ ಆಕಾಶವಾಣಿ ಕೇಳಿದ ಆ ರೇಡಿಯೋ ಮೇಲೆ ನಿಮಗಿರುವ ಪ್ರೀತಿ ಅರ್ಥವಾಗುತ್ತದೆ. ಆದರೆ ಎಸಿ-ಡಿಸಿ ಅಂತ ಬರೆದಿರುವ ಸೆಟ್‌ಗಳಲ್ಲಿ ಮೈನ್ಸ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಳಗಿನ ಲೋಹದ ತಟ್ಟೆಯೇ ನೇರ ಕರೆಂಟಿಗೆ ಸೇರಿರುತ್ತದೆ. ಫೋನ್ ವೈರ್ ಸೇರಿಸಿದರೆ 230 ವೋಲ್ಟ್ ನಿಮ್ಮ ಕೈಗೆ ಬರಬಹುದು. ವಾಲ್ವ್ ಹೆಸರುಗಳು ಯು ಅಕ್ಷರದಿಂದ ಶುರುವಾಗಿದ್ದರೆ, ಯುಎಲ್84 ಥರ, ಅದು ಇಂಥದ್ದೇ ಸೆಟ್. ಮೊದಲು ತಿಳಿದವರಿಗೆ ತೋರಿಸಿ.

ಗುಂಯ್ ಅನ್ನುವ ಸದ್ದು ಬರುತ್ತಿದೆ.

ಇನ್‌ಪುಟ್ ವೈರ್ ಎಲ್ಲ ಕಿತ್ತು ನೋಡಿ. ಸದ್ದು ನಿಂತರೆ ತಪ್ಪು ಆಂಪ್‌ನದ್ದಲ್ಲ. ಹೆಚ್ಚಾಗಿ ಕೇಬಲ್ ಟಿವಿ ಪೆಟ್ಟಿಗೆಯ ವೈರ್‌ನಿಂದ ಬರುವ ಅರ್ಥ್ ತೊಂದರೆ. ನಿಲ್ಲದಿದ್ದರೆ ಒಳಗಿನ ಕೆಪಾಸಿಟರ್ ಹಳೆಯದಾಗಿರಬಹುದು. ಪ್ಲಗ್‌ನ ಅರ್ಥ್ ಪಿನ್ ಮಾತ್ರ ಯಾವ ಕಾರಣಕ್ಕೂ ತೆಗೆಯಬೇಡಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.

ಜಾಲರಿ ಮುಚ್ಚಳ ಇರುವ ಆಂಪನ್ನೇ ಕೊಳ್ಳಿ. ಔಟ್‌ಪುಟ್ ವಾಲ್ವ್ ಮುಟ್ಟಿದರೆ ಚರ್ಮ ಸುಡುತ್ತದೆ. ಒಳಗೆ 300ರಿಂದ 450 ವೋಲ್ಟ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತದೆ. ತಳ ಬಿಚ್ಚುವ ಕೆಲಸ ಗೊತ್ತಿಲ್ಲದವರು ಮಾಡಲೇಬಾರದು.

ಕೊಳ್ಳುವ ಮುಂಚೆ ಕೇಳಿ ನೋಡುವುದು ಹೇಗೆ?

ನಿಮ್ಮ ಸ್ಪೀಕರ್ ಹೊತ್ತುಕೊಂಡು ಹೋಗಿ. ಕಷ್ಟ ನಿಜ, ಆದರೂ ಹೋಗಿ. ಅಂಗಡಿಯವರ ಸ್ಪೀಕರಿನಲ್ಲಿ ಕೇಳಿದ್ದು ನಿಮ್ಮ ಮನೆಗೆ ಬರುವುದಿಲ್ಲ. ಕೋಣೆಯೂ ಅಷ್ಟೇ. ಗ್ರಾನೈಟ್ ನೆಲ, ಖಾಲಿ ಗೋಡೆ ಇದ್ದರೆ ಯಾವ ಆಂಪ್ ಆದರೂ ಕಿರುಚುತ್ತದೆ. ನಾನು ನೆಲಕ್ಕೆ ಜಮಖಾನ ಹಾಸಿ, ಎದುರು ಗೋಡೆಗೆ ಚಳ್ಳಕೆರೆ ಕಂಬಳಿ ನೇತುಹಾಕಿದೆ. ಹೊಸ ಆಂಪ್ ಕೊಂಡಷ್ಟೇ ಬದಲಾವಣೆ ಆಯಿತು.

ಆಂಪ್ ಅರ್ಧ ಗಂಟೆ ಕಾಯಲಿ. ನೂರು ಸಲ ಕೇಳಿದ ಹಾಡನ್ನೇ ಹಾಕಿ, ಹೊಸದು ಬೇಡ. ಜೋರಾಗಿ ಇಡಬೇಡಿ, ಪಕ್ಕದಲ್ಲಿ ಕೂತವರ ಜೊತೆ ಮಾತಾಡಬಹುದಾದಷ್ಟು ಇರಲಿ. ಆಮೇಲೆ ಗಾಯಕರ ದನಿಯನ್ನು ಬಿಟ್ಟು ಅವರು ಉಸಿರು ತೆಗೆದುಕೊಳ್ಳುವ ಜಾಗ ಕೇಳಿ. ಆ ಅರೆಕ್ಷಣದಲ್ಲಿ ಹಿಂದಿನ ತಂಬೂರಿಯ ನಾಲ್ಕೂ ತಂತಿ ಬೇರೆ ಬೇರೆಯಾಗಿ ಕೇಳಿಸಿದರೆ, ಬೆಲೆ ಮಾತಾಡಲು ಶುರುಮಾಡಿ.